ಹಾರ್ನ್ ಇಲ್ಲದ ರಸ್ತೆಯಲ್ಲಿ ಸೈಡ್ ಕೊಡುವುದು

ಹುಬ್ಬಳ್ಳಿಯಲ್ಲಿ ಕಾರು ಕಲಿತವರು ಕಿವಿಯಿಂದ ಓಡಿಸುತ್ತಾರೆ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಮುಂದಿನವನು ಸೈಡ್ ಕೊಡುತ್ತಾನೆ. ಹಾರ್ನ್ ಕೇಳಲಿಲ್ಲ ಅಂದರೆ ಹಿಂದೆ ಯಾರೂ ಇಲ್ಲ, ಇದ್ದರೂ ಅವನಿಗೆ ಅವಸರವಿಲ್ಲ. ನಮ್ಮ ಮನೆಯವರು ಈ ಶಾಸ್ತ್ರವನ್ನು ಅಮೆರಿಕದ ಡಲ್ಲಾಸ್ ಪಕ್ಕದ ಫ್ರಿಸ್ಕೋವರೆಗೂ ಹೊತ್ತು ತಂದಿದ್ದರು. ಟೆಕ್ಸಸ್‌ನಲ್ಲಿ ಹಾರ್ನ್ ಹೊಡೆದರೆ ಬೈದ ಹಾಗೆ, ಯಾರೂ ಸುಮ್ಮಸುಮ್ಮನೆ ಹೊಡೆಯುವುದಿಲ್ಲ. ಹಾಗಾಗಿ ಇವರ ಲೆಕ್ಕದಲ್ಲಿ ಇವರ ಹಿಂದೆ ಬರುವವರೆಲ್ಲ ಭಾರಿ ನೆಮ್ಮದಿಯಿಂದ ಬರುತ್ತಿದ್ದರು.

ಊರೊಳಗೆ ಓಡಾಡಿಕೊಂಡಿದ್ದಾಗ ಇದರಿಂದ ಏನೂ ತೊಂದರೆಯಾಗಿರಲಿಲ್ಲ. ಮಗಳು ಮದುವೆಯಾಗಿ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ಗೆ ಶಿಫ್ಟ್ ಆದ ಮೇಲೆ ಹೈವೇ ನಮಗೆ ಗಂಟುಬಿತ್ತು. ನಾನು ಪಕ್ಕದೂರು ಕ್ಯಾರಲ್ಟನ್ನಿನ ದಿನಸಿ ಅಂಗಡಿವರೆಗೆ ಮಾತ್ರ ಓಡಿಸುವವಳು, ಹೈವೇ ಅಂದರೆ ಕೈಮುಗಿಯುತ್ತೇನೆ. ಇವರೋ ಹೈವೇ ಹತ್ತಿದ ಕೂಡಲೇ ಸೀದಾ ಎಡತುದಿಯ ಲೇನಿಗೆ ಹೋಗಿ, ಊರು ಬರುವ ತನಕ ಅಲ್ಲೇ ಠಿಕಾಣಿ. ಇಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಹೋಗುವುದರಿಂದ ಆ ಲೇನು ಇನ್ನೊಬ್ಬರನ್ನು ದಾಟುವವರಿಗೆ ಮಾತ್ರ. ಬೋರ್ಡೂ ಹಾಕಿರುತ್ತಾರೆ.

"ಏನ್ರೀ, ಹಿಂದ ಬಂದಾನ್ರೀ, ಬಲಕ್ಕ ಸರೀರಿ," ಅಂದರೆ, "ಹಾರ್ನ್ ಹೊಡದಾನೇನು? ಇಲ್ಲಲ್ಲ? ಸುಮ್ ಕೂಡು," ಅನ್ನುವರು. "ನಾ ಲಿಮಿಟ್‌ನ್ಯಾಗ ಹೊಂಟೀನಿ." ಲಿಮಿಟ್ ಅಂತೆ ಲಿಮಿಟ್! ಇಂಥ ಹಟಮಾರಿಯನ್ನು ಕಟ್ಟಿಕೊಂಡೆನಲ್ಲ ಅಂತ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದೆ.

ಒಂದು ಸಲ ಮಗಳು ಮತ್ತು ನಾಲ್ಕು ವರ್ಷದ ಮೊಮ್ಮಗಳನ್ನು ಕೂರಿಸಿಕೊಂಡು ಸ್ಟಾಫರ್ಡ್‌ನಿಂದ ಆಸ್ಟಿನ್‌ಗೆ ಹೊರಟಿದ್ದೆವು. ಹಿಂದೆ ಒಂದು ಪಿಕಪ್ ಟ್ರಕ್ ಬಂತು. ಓಡಿಸುತ್ತಿದ್ದವನು ಲೈಟು ಹೊಡೆದ, ಮತ್ತೆ ಹೊಡೆದ. ಇವರು ಕದಲಲಿಲ್ಲ. ಅವನು ಬಲಗಡೆಯಿಂದ ನುಗ್ಗಿ, ನಮ್ಮ ಕಾರಿನ ಮೂತಿಗೆ ತಾಗುವಷ್ಟು ಹತ್ತಿರದಲ್ಲಿ ಮುಂದೆ ತೂರಿದ. ಇವರು ಬ್ರೇಕ್ ತುಳಿದ ರಭಸಕ್ಕೆ ಕೂಸು ಕಿಟಾರನೆ ಚೀರಿತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು.

ತನ್ನ ಮನೆಗೆ ಮರಳಿದ ಮೇಲೆ ಮಗಳು ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದಳು: ಅಪ್ಪಾ, ಇನ್ನು ಇವಳನ್ನು ನಿನ್ನ ಕಾರಿನಲ್ಲಿ ಕೂರಿಸುವುದಿಲ್ಲ. ಬೇಸಿಗೆ ರಜೆಗೆ ಮೊಮ್ಮಗಳನ್ನು ಫ್ರಿಸ್ಕೋಗೆ ಕರೆದುಕೊಂಡು ಹೋಗಬೇಕೆಂದು ಇವರು ಹಿತ್ತಲಲ್ಲಿ ಜೋಕಾಲಿ ಕಟ್ಟಿ ಕಾಯುತ್ತಿದ್ದರು. ಆ ಮಾತು ಕೇಳಿ ಅವರ ಮುಖ ಇಷ್ಟೇ ಇಷ್ಟಾಯಿತು. ಮಗಳು ಹೇಳಿದ್ದು ಸರಿ ಅಂತ ಗೊತ್ತಿದ್ದೂ ನನಗೆ ಸಂಕಟವಾಯಿತು.

ವಾಪಸ್ಸು ಡಲ್ಲಾಸ್ ಕಡೆ ಹೊರಟಾಗ ಕಾರಿನಲ್ಲಿ ನಾವಿಬ್ಬರೇ. ನಾನು ಹೇಳುವ ಮೊದಲೇ ಇವರು ಬಲಗಡೆಯ ಲೇನಿಗೆ ಬಂದರು. ಸ್ವಲ್ಪ ದೂರ ಹೋದೆವು. ಪಕ್ಕದ ಸರ್ವಿಸ್ ರೋಡಿನ ರ‍್ಯಾಂಪ್ ಏರಿ ಒಂದು ದೊಡ್ಡ ಲಾರಿ ನಮ್ಮ ಲೇನಿನತ್ತ ಬಂತು. ಇವರ ಕೈ ಸ್ಟೀರಿಂಗ್ ಮೇಲೆ ಬಿಗಿಯಿತು. ಕನ್ನಡಿ ನೋಡಿ ಒಂದೊಂದೇ ಲೇನು ದಾಟುತ್ತ ಮತ್ತೆ ಎಡತುದಿಗೆ ಹೋಗಿಬಿಟ್ಟರು.

"ಹೆದರಿಕಿ ಆತೇನ್ರೀ?" ಅಂದೆ.

"ಬಾಜೂದಿಂದ ಸಪ್ಪಳ ಇಲ್ಲದ ಬರ್ತಾವ. ಯಾವಾಗ ಬಂದ್ವೋ ತಿಳಿಯೂದುಲ್ಲ. ಎಡಕ್ಕಿದ್ರ ಒಂದು ಬಾಜೂನರ ಯಾರೂ ಬರೂದುಲ್ಲ," ಅಂದರು.

ಅಯ್ಯ ದೇವರೇ! ಹಟ ಅಂದುಕೊಂಡಿದ್ದೆನಲ್ಲ ಇಷ್ಟು ದಿನ. ಮನುಷ್ಯ ಹೆದರಿ ಮೂಲೆ ಹಿಡಿದಿದ್ದ.

"ಹಾರ್ನ್ ಬೇಕಲ್ಲ ನಿಮಗ? ನಾ ಹೊಡೀತೀನಿ ತಗೋರಿ," ಅಂದೆ.

ಅಂದಿನಿಂದ ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ನಮ್ಮ ಅಭ್ಯಾಸ. ನನ್ನ ಕಡೆಯ ಕನ್ನಡಿಯಲ್ಲಿ ಗಾಡಿ ಕಂಡರೆ ನಾನು ಬಾಯಲ್ಲಿ "ಪೀಂ" ಅನ್ನುವುದು, ರ‍್ಯಾಂಪಿನಲ್ಲಿ ಯಾರಾದರೂ ಬಂದರೆ "ಪೀಂ ಪೀಂ" ಅನ್ನುವುದು. ನಾನು ಕೂಗುವ ಮೊದಲೇ ಇವರು ಕನ್ನಡಿ ನೋಡಬೇಕು ಅನ್ನುವುದು ಪಂದ್ಯ. ರ‍್ಯಾಂಪಿನವನಿಗೆ ವೇಗ ತುಸು ಇಳಿಸಿ ಜಾಗ ಬಿಡುವುದು ಕಲಿತರು. ಮುಂದಿನ ಗಾಡಿ ತೀರ ನಿಧಾನವಾದರೆ ಎಡಕ್ಕೆ ಹೋಗಿ, ಅದರ ಪಕ್ಕ ತಡಮಾಡದೆ ಸರ್ರನೆ ದಾಟಿ, ಅದರ ಎರಡೂ ದೀಪ ಒಳಗನ್ನಡಿಯಲ್ಲಿ ಕಂಡ ಮೇಲೆ ಬಲಕ್ಕೆ ಬರುವುದು ಕಲಿತರು. ಮೊದಮೊದಲು ಕೂಗಿ ಕೂಗಿ ನನ್ನ ಗಂಟಲು ಕಟ್ಟುತ್ತಿತ್ತು. ಬರಬರುತ್ತ ನಾನು ಬಾಯಿ ತೆರೆಯುವಷ್ಟರಲ್ಲಿ ಇವರ ಇಂಡಿಕೇಟರ್ ಟಿಕ್ ಟಿಕ್ ಅನ್ನುತ್ತಿತ್ತು. ಗೆದ್ದಾಗಲೆಲ್ಲ ಮೀಸೆಯಡಿ ನಗುವರು.

ಇವರ ಹೆದರಿಕೆಯನ್ನೂ ನಮ್ಮ ಅಭ್ಯಾಸವನ್ನೂ ಮಗಳಿಗೆ ಫೋನಿನಲ್ಲಿ ಹೇಳಿದ್ದೆ. ರಜೆ ಹತ್ತಿರ ಬಂದಾಗ ಸ್ಟಾಫರ್ಡ್‌ಗೆ ಹೋದೆವು. ಮಗಳು ಕೂಸನ್ನು ಗಂಡನ ಹತ್ತಿರ ಬಿಟ್ಟು, ತಾನೇ ನಮ್ಮ ಹಿಂದಿನ ಸೀಟಿನಲ್ಲಿ ಕೂತು, ಆಸ್ಟಿನ್‌ಗೆ ಹೋಗಿ ಬರೋಣ ಅಂದಳು. ಪರೀಕ್ಷೆ ಅಂತ ಮೂವರಿಗೂ ಗೊತ್ತಿತ್ತು. ನಾನು ದಾರಿಯುದ್ದಕ್ಕೂ ಒಂದೂ "ಪೀಂ" ಅನ್ನದೆ ಹಲ್ಲುಕಚ್ಚಿ ಕೂತಿದ್ದೆ. ಇವರು ಬಲಗಡೆಯ ಲೇನು ಹಿಡಿದು ಹೋದರು, ಕೇಳದೆಯೇ ಎಲ್ಲರಿಗೂ ದಾರಿ ಬಿಟ್ಟರು. ಒಂದು ರ‍್ಯಾಂಪಿನ ಹತ್ತಿರ ಮಾತ್ರ ಕೈ ಬಿಗಿಯಾದದ್ದನ್ನು ನಾನೂ ನೋಡಿದೆ, ಮಗಳೂ ನೋಡಿದಳು.

ಮನೆ ಮುಂದೆ ಇಳಿದಾಗ ಅವಳು ಕೇಳಿದಳು: ಆರ್ ಯೂ ಸ್ಟಿಲ್ ಸ್ಕೇರ್ಡ್, ಅಪ್ಪಾ?

ಇಲ್ಲ ಅನ್ನಿ, ಇಲ್ಲ ಅಂದುಬಿಡಿ ಅಂತ ನನ್ನ ಜೀವ ಒದ್ದಾಡಿತು. ಒಂದು ಸುಳ್ಳು ಹೇಳಿದ್ದರೆ ಕೂಸು ನಮ್ಮ ಜೊತೆ ಬರುತ್ತಿತ್ತು.

"ಹೌದವ್ವ, ಇನ್ನೂ ಹೆದರಿಕಿ ಆಗ್ತದ," ಅಂದರು ಇವರು. "ಕಳಸಲಿಲ್ಲಂದ್ರೂ ನನಗೇನು ಸಿಟ್ಟಿಲ್ಲ."

ಮಗಳು ಸೀದಾ ಒಳಗೆ ಹೋದಳು. ಮುಗಿಯಿತು ಅಂದುಕೊಂಡೆ. ಅವಳು ಕಾರಿನಲ್ಲಿ ಕೂಸನ್ನು ಕೂರಿಸುವ ಸೀಟನ್ನು ಎತ್ತಿಕೊಂಡು ಹೊರಗೆ ಬಂದಳು. ನಮ್ಮ ಕಾರಿನೊಳಗೆ ಬಗ್ಗಿ, ಮೊಣಕಾಲೂರಿ, ಬೆಲ್ಟು ಜಗ್ಗಿ ಜಗ್ಗಿ ಬಿಗಿದಳು.