ಹೆಡ್‌ಮಿಸ್ ನಗದ ಶನಿವಾರ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕಂಪಲಾಪುರದ ಹತ್ತಿರ ಒಂದು ಹಳ್ಳಿ ಶಾಲೆಯಲ್ಲಿ ಟೀಚರಾಗಿದ್ದೆ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು, ಮದುವೆಯಾಗಿ ಒಂದು. ಕಂಪಲಾಪುರದಲ್ಲೇ ಮನೆ. ಗಂಡ, ಅತ್ತೆ, ನಾನು. ಯೋಚನೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ತಾಲ್ಲೂಕಿನಲ್ಲಿ ಇದ್ದಿರಲಾರರು. ದಾರಿಯಲ್ಲಿ ಸಿಕ್ಕವರು "ಊಟ ಆಯ್ತಾ" ಅನ್ನದೆ ಮುಂದೆ ಹೋದರೆ, ಅವರಿಗೆ ನಾನೇನು ಮಾಡಿದೆ ಎಂದು ಸಂಜೆಯವರೆಗೂ ತಲೆ ಕೆಡಿಸಿಕೊಳ್ಳುತ್ತಿದ್ದೆ.

ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಹೊರಟಿದ್ದೆವು. ನಮ್ಮ ಹೆಡ್‌ಮಿಸ್ ಹುಣಸೂರಿನವರು, ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದರು. ಗೇಟಿನ ಹತ್ತಿರ ನನ್ನನ್ನು ನೋಡಿ ನಿಂತರು.

"ಸೋಮವಾರ ಬಂದ ತಕ್ಷಣ ನನ್ನ ರೂಮಿಗೆ ಬನ್ನಿ. ಒಂದು ವಿಷಯ ಕೇಳೋದಿದೆ."

ಅಷ್ಟೇ ಹೇಳಿ ಬಸ್ಸು ಹತ್ತಿದರು. ದಿನಾ "ಬರ್ತೀನಮ್ಮಾ" ಅನ್ನುತ್ತಿದ್ದವರು ಅವತ್ತು ಅನ್ನಲಿಲ್ಲ. ನಗಲೂ ಇಲ್ಲ.

ನಾನು ಮನೆ ಸೇರುವಷ್ಟರಲ್ಲಿ ನನ್ನ ಮೇಲಿನ ಆಪಾದನೆಗಳು ಮೂರಾಗಿದ್ದವು. ಒಂದು, ಎರಡು ಸಲ ತಡವಾಗಿ ಬಂದು ಹಾಜರಿ ಪುಸ್ತಕದಲ್ಲಿ ಸರಿಯಾದ ಹೊತ್ತಿಗೆ ಬಂದಂತೆ ಸಹಿ ಹಾಕಿದ್ದು. ಎರಡು, ಶಾಲೆಯ ಗ್ಲೋಬು ನನ್ನ ಕೈಯಿಂದ ಬಿದ್ದು ಮುರಿದಾಗ ಗೋಂದು ಹಾಕಿ ಅಂಟಿಸಿ, ಸದ್ದಿಲ್ಲದೆ ಬೀರುವಿನಲ್ಲಿ ಇಟ್ಟಿದ್ದು. ಅವಸರದಲ್ಲಿ ಅದು ತಲೆಕೆಳಗಾಗಿ ಅಂಟಿಕೊಂಡು ಅಂಟಾರ್ಕ್ಟಿಕಾ ಮೇಲೆ ಬಂದಿತ್ತು. ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಪ್ರಾರ್ಥನೆಯಲ್ಲಿ ಹೆಡ್‌ಮಿಸ್ ಹಾಡುವ ದನಿ ಮಿಲ್ಲಿನ ಬೆಲ್ಟು ಕಿರುಗುಟ್ಟಿದ ಹಾಗೆ ಇದೆ ಅಂತ ಜೊತೆಯ ಟೀಚರೊಬ್ಬರ ಕಿವಿಯಲ್ಲಿ ಹೇಳಿದ್ದೆ. ಅವರು ಹೇಳಿಬಿಟ್ಟಿರಬೇಕು!

ಸಂಜೆಗೆ ನನ್ನ ತಲೆಯಲ್ಲಿ ವಿಚಾರಣೆ ಮುಗಿದು, ಎಚ್.ಡಿ. ಕೋಟೆ ಕಡೆ, ಸರಗೂರಿನ ಹತ್ತಿರದ ಕಾಡಂಚಿನ ಶಾಲೆಗೆ ವರ್ಗವೂ ಆಗಿಹೋಗಿತ್ತು. ಸೈಕಲ್ ಒರೆಸುತ್ತಿದ್ದ ಗಂಡನನ್ನು ಕೇಳಿದೆ.

"ರೀ, ಸರಗೂರಲ್ಲಿ ಬಾಡಿಗೆ ಮನೆಗಳಿಗೆ ನೀರು ಹೇಗೆ ಬರುತ್ತೆ?"

"ಸರಗೂರಲ್ಲಿ ಯಾರಿದ್ದಾರೆ ಕಣೇ?"

ನಾನು ಎಲ್ಲ ಹೇಳಿಕೊಂಡೆ. "ಸೋಮವಾರ ಕೇಳ್ತೀನಿ ಅಂದ್ರಲ್ಲ, ಸೋಮವಾರ ಯೋಚ್ನೆ ಮಾಡು ಬುಡು" ಅಂದು ಅವರು ಸೈಕಲ್ ಒರೆಸುವುದನ್ನು ಮುಂದುವರಿಸಿದರು. ಊಟಕ್ಕೆ ಕೂತಾಗ ಸಾರಿಗೆ ಎರಡು ಸಲ ಉಪ್ಪು ಬಿದ್ದಿರುವುದು ಗೊತ್ತಾಯಿತು. ಅತ್ತೆ ಮುದ್ದೆಯನ್ನು ಮಜ್ಜಿಗೆಯಲ್ಲಿ ಉಂಡು ಮುಗಿಸಿ ಹೇಳಿದರು.

"ಇಂಗೇ ಕೂತ್ರೆ ನಾಳೀಕೆ ಮೂರ್ ಸತಿ ಉಪ್ಪು ಆಕ್ತೀಯ. ಉಣ್ಸೂರೇನು ದೂರ್ವಾ? ಓಗಿ, ಏನು ವಿಸ್ಯ ಅಂತ ಕೇಳ್ಬುಡು."

ಭಾನುವಾರ ಹನ್ನೊಂದಕ್ಕೆ ಹುಣಸೂರಿನಲ್ಲಿ ಇಳಿದು ಹೆಡ್‌ಮಿಸ್ ಮನೆ ಬಾಗಿಲು ತಟ್ಟಿದೆ. ಅವರೇ ತೆಗೆದರು. ಒಂದು ಕೆನ್ನೆಗೆ ಕರವಸ್ತ್ರ ಒತ್ತಿಕೊಂಡಿದ್ದರು, ತುಟಿ ಬಿಗಿಯಾಗಿ ಮುಚ್ಚಿತ್ತು. ನನ್ನ ಮೇಲಿನ ಕೋಪವೇ ಅದು ಅಂತ ನಿಶ್ಚಯವಾಯಿತು. ಕುರ್ಚಿ ತೋರಿಸಿ "ಊಂ?" ಅಂದರು.

"ಮೇಡಂ, ತಪ್ಪಾಯ್ತು. ಎರಡೇ ದಿನ ಮೇಡಂ ನಾನು ತಡವಾಗಿ ಬಂದು ಸಹಿ ಹಾಕಿದ್ದು."

ಅವರು ಹುಬ್ಬೇರಿಸಿ, ಬಾಯಿ ತೋರಿಸಿ, ಕೈ ಅಡ್ಡ ಆಡಿಸಿ "ಊಂ, ಊಂ" ಅಂದರು. ಅದಲ್ಲ, ಮುಂದಕ್ಕೆ ಹೇಳು ಅನ್ನುತ್ತಿದ್ದಾರೆ ಅಂದುಕೊಂಡೆ.

"ಗ್ಲೋಬೂ ನಾನೇ ಮೇಡಂ. ಬೇಕು ಅಂತ ಬೀಳಿಸಲಿಲ್ಲ."

ಈ ಸಲ ಕಣ್ಣು ದೊಡ್ಡದಾಯಿತು. "ಊಂ, ಊಂ, ಊಂ!" ಅಂತ ಎರಡೂ ಕೈ ಆಡಿಸಿದರು. ಇದೂ ಅಲ್ಲ ಅಂದರೆ ಇನ್ನು ಉಳಿದಿದ್ದು ಒಂದೇ. ಕಣ್ಣು ಮುಚ್ಚಿಕೊಂಡು ಮಿಲ್ಲು, ಬೆಲ್ಟು, ಪ್ರಾರ್ಥನೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಹೆಡ್‌ಮಿಸ್ ಎದ್ದು ಬಚ್ಚಲಿಗೆ ಹೋದರು. ಉಗುಳಿ ಬಾಯಿ ತೊಳೆದ ಸದ್ದಾಯಿತು. ಬಂದು ಕೂತರು.

"ಒಂದು ವಾರದಿಂದ ದವಡೆ ಹಲ್ಲು ನೋವು. ನಿನ್ನೆಯಂತೂ ಬಾಯಿ ತೆರೆಯೋದೇ ಕಷ್ಟ ಆಗಿತ್ತು. ಹಲ್ಲಿನ ಡಾಕ್ಟ್ರು ಮೈಸೂರಿಂದ ಭಾನುವಾರ ಮಾತ್ರ ಬರ್ತಾರೆ. ಈಗಷ್ಟೇ ಕೀಳಿಸಿಕೊಂಡು ಬಂದೆ. ಅರ್ಧ ಗಂಟೆ ಹತ್ತಿ ಕಚ್ಚಿಕೊಂಡಿರಿ, ಮಾತಾಡಬೇಡಿ ಅಂದಿದ್ರು."

"ಮತ್ತೆ... ಸೋಮವಾರ ಏನೋ ಕೇಳೋದಿದೆ ಅಂದ್ರಲ್ಲ ಮೇಡಂ?"

"ಗುರುವಾರ ನೀವು ಹಸಿರು ಬ್ಲೌಸು ಹಾಕಿದ್ರಲ್ಲ, ಅದನ್ನ ಯಾರು ಹೊಲಿದಿದ್ದು ಅಂತ. ಮಗಳ ನಿಶ್ಚಿತಾರ್ಥ ಇದೆ. ಮೇಷ್ಟ್ರುಗಳ ಮುಂದೆ ಬ್ಲೌಸಿನ ಮಾತು ಹೇಗೆ ಕೇಳ್ಲಿ? ಅದಕ್ಕೇ ರೂಮಿಗೆ ಬನ್ನಿ ಅಂದೆ."

ನನಗೆ ಆ ಕುರ್ಚಿ ಸಮೇತ ನೆಲದೊಳಗೆ ಇಳಿದುಹೋಗಬೇಕು ಅನ್ನಿಸಿತು. ಟೈಲರ್ ಅಂಗಡಿ ಅಲ್ಲೇ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿತ್ತು. ವಯಸ್ಸಾದ ಸಾಬರು, ಭಾನುವಾರವೂ ಬಾಗಿಲು ತೆಗೆಯುತ್ತಿದ್ದರು. ತೋರಿಸುತ್ತೇನೆ ಬನ್ನಿ ಮೇಡಂ ಅಂತ ಕರೆದುಕೊಂಡು ಹೊರಟೆ. ಗಲ್ಲಿ ತಿರುಗುವಾಗ ಅವರು ಮುಂದೆ ನೋಡಿಕೊಂಡೇ ಕೇಳಿದರು.

"ಯಾವ ಮಿಲ್ಲು? ಅಕ್ಕೀದೋ, ರಾಗೀದೋ?"

"ಅಕ್ಕೀದು ಮೇಡಂ."

"ಹಾಗಾದ್ರೆ ಪರವಾಗಿಲ್ಲ" ಅಂದವರಿಗೆ ನಗು ಬಂತು. ನಕ್ಕ ಕೂಡಲೇ ನೋವಾಗಿ ಕೆನ್ನೆ ಹಿಡಿದುಕೊಂಡರು. ಮರುದಿನ ಪ್ರಾರ್ಥನೆಗೆ ನನ್ನನ್ನು ಮುಂದೆ ಕರೆದು, ಇನ್ನು ಮೇಲೆ ನೀವೇ ಹಾಡಿಸಿ ಅಂದರು. ಹಾಜರಿ ಪುಸ್ತಕವನ್ನೂ ತಮ್ಮ ಮೇಜಿನ ಮೇಲೇ ಇಟ್ಟುಕೊಳ್ಳತೊಡಗಿದರು.

ಆ ಭಾನುವಾರ ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಗಂಡ ಎದ್ದು ಹಿತ್ತಿಲಿಗೆ ಹೋಗಿ ನಕ್ಕರು. ಅತ್ತೆ ಮಾತ್ರ ನಗಲಿಲ್ಲ.

"ನಾ ಕೇಳು ಅಂದ್ರೆ, ನೀ ಯೇಳ್ಬುಟ್ಟು ಬಂದಿದ್ದೀಯಲ್ಲವ್ವಾ! ಆವಮ್ಮ ಶನಿವಾರ ಅಂದಿದ್ದೇನು? ಅಷ್ಟು ಮಾತ್ರ ಯೇಳು ನೋಡಾನ."

"ರೂಮಿಗೆ ಬನ್ನಿ, ಒಂದು ವಿಷಯ ಕೇಳೋದಿದೆ ಅಂದ್ರು."

"ಅದು ಅವರ ಮಾತು. ಮಿಕ್ಕಿದ್ದೆಲ್ಲ ನಿಂದು ಕಣವ್ವ."

ಅವತ್ತಿನಿಂದ ಇದೇ ಅಭ್ಯಾಸವಾಯಿತು. ನಾನು ಮುಖ ಸಪ್ಪಗೆ ಮಾಡಿಕೊಂಡು ಬಂದರೆ ಅತ್ತೆ ಎಲೆಅಡಿಕೆ ತಟ್ಟೆ ಎಳೆದುಕೊಂಡು, "ಅವ್ರು ಅಂದಿದ್ದಷ್ಟೇ ಯೇಳು" ಅನ್ನುತ್ತಿದ್ದರು. ಹೇಳಲು ಹೋದರೆ ಎರಡು ಮಾತಿಗೆ ಮುಗಿದುಹೋಗುತ್ತಿತ್ತು. ಹಾಗಂತ ಯೋಚನೆ ಬರುವುದು ನಿಂತಿತು ಅಂದರೆ ಸುಳ್ಳಾಗುತ್ತದೆ. ಬರುತ್ತಿತ್ತು. ಆದರೆ ಅದರ ಮಾತು ಕೇಳಿ ಬಸ್ಸು ಹತ್ತುವುದನ್ನು ಬಿಟ್ಟೆ.

ಕೆಲವು ವರ್ಷಗಳಾದ ಮೇಲೆ ಕೆ.ಆರ್. ನಗರಕ್ಕೆ ವರ್ಗವಾಯಿತು. ನಾವು ಅಲ್ಲೇ ಮನೆ ಮಾಡಿದೆವು, ಅತ್ತೆ ಊರಲ್ಲೇ ಉಳಿದರು. ಒಂದು ದಿನ ಮೈಸೂರಿನ ಇಲಾಖೆ ಆಫೀಸಿನಿಂದ ಮೇಲಿನವರು ಶಾಲೆಯ ಫೈಲು ತೆಗೆದುಕೊಂಡು ನಾಳೆ ಬನ್ನಿ ಅಂತ ಹೇಳಿಕಳಿಸಿದರು. ಊರಿಗೆ ಫೋನ್ ಮಾಡಿ ಅತ್ತೆಗೆ ಅಷ್ಟನ್ನೇ ಹೇಳಿದೆ.

"ಸರಿ, ಫೈಲ್ ತಕ್ಕೊಂಡು ಓಗು" ಅಂದರು.

ಹೋದೆ. ಆ ಸಲ ನಿಜವಾಗಿಯೂ ಚೆನ್ನಾಗಿ ಬೈದರು, ಫೈಲಿನಲ್ಲಿ ಲೆಕ್ಕವಿಲ್ಲದಷ್ಟು ತಪ್ಪು ಮಾಡಿದ್ದೆ. ಅಲ್ಲೇ ಕೂತು ತಿದ್ದಿಕೊಟ್ಟು, ಮೂರು ಗಂಟೆಯ ಬಸ್ಸಿಗೆ ಮನೆಗೆ ಬಂದೆ.