ಇಮಾಮಸಾಬರ ಹಟಮಾರಿ ಚಾವಿ

ಆಳಂದ ಸ್ಟ್ಯಾಂಡಿನ ಬಾಡಿಗೆ ಕಾರಿನ ಇಮಾಮಸಾಬರು ತಮ್ಮ ಚಾವಿಯನ್ನು ಬೈದಷ್ಟು ವೈರಿಯನ್ನೂ ಬೈದವರಲ್ಲ. ಪೇಶಂಟನ್ನು ಗುಲಬರ್ಗಾ ದವಾಖಾನೆಗೆ ಒಯ್ಯುವಾಗ, ವಕೀಲರನ್ನು ಕೋರ್ಟಿಗೆ ಬಿಡುವಾಗ ಬೆಣ್ಣೆಯೊಳಗಿನ ಕೂದಲು ತೆಗೆದಷ್ಟು ಸಲೀಸಾಗಿ ತಿರುಗುವ ಈ ಚಾವಿ, ಮದುವೆ ಮುಗಿದು ಮದುಮಗಳು ಕಾರು ಹತ್ತಿದಳೋ, ಕಲ್ಲಾಗಿಬಿಡುತ್ತದೆ. "ಜರಾ ತಡೀರಿ, ಚಾವಿ ಹಟಾ ಹಿಡದದ" ಎನ್ನುತ್ತ ಕೆಳಗಿಳಿದು ಅದಕ್ಕೆ ಉಫ್ ಎಂದು ಊದುತ್ತಾರೆ, ಅಂಗಿಗೆ ಒರೆಸುತ್ತಾರೆ, ತಲೆಯ ಎಣ್ಣೆಗೆ ತಿಕ್ಕುತ್ತಾರೆ. ಕಡೆಗೆ ಬಾನೆಟ್ ಎತ್ತಿ, ಚಾವಿಗೆ ಏನೇನೂ ಸಂಬಂಧವಿಲ್ಲದ ರೇಡಿಯೇಟರಿಗೆ ನೀರು ಹೊಯ್ಯುತ್ತಾರೆ. ಗಂಡಿನ ಕಡೆಯವರು ಗಡಿಯಾರ ನೋಡಿ ಒದರುತ್ತಾರೆ. ಅಷ್ಟರಲ್ಲಿ ಹಡೆದ ತಾಯಿ ಕಿಟಕಿಯೊಳಗೆ ಕೈಹಾಕಿ, ಮಗಳ ತಲೆ ನೇವರಿಸಿ, ಮರೆತಿದ್ದ ನಾಲ್ಕು ಮಾತು ಹೇಳಿ ಮುಗಿಸುತ್ತಾಳೆ. ಅವಳು ಕೈ ಹಿಂತೆಗೆದ ಕೂಡಲೇ ಚಾವಿ ತಿರುಗುತ್ತದೆ. ಮೊನ್ನೆ ನಿಂಬರ್ಗಾದ ಬೀಗರೊಬ್ಬರು, "ಇಂಥಾ ದರಿದ್ರ ಚಾವಿ ಯಾಕ ಇಟ್ಕೊಂಡೀರಿ ಸಾಬ್ರ? ಹೊಸಾದು ಮಾಡಸ್ರಿ" ಎಂದು ಗದರಿದರು. ಇಮಾಮಸಾಬರು ಬಾನೆಟ್ಟಿನೊಳಗಿಂದ ತಲೆ ಎತ್ತಲಿಲ್ಲ. "ಮೊದಲ ಛಲೋನೇ ಇತ್ರಿ ಗೌಡ್ರ. ನನ್ನ ಮಗಳಿಗಿ ಕಳಿಸಿದ ದಿನ ಒಂದೇ ಸಲಕ್ಕ ತಿರುಗಿತ್ತು, ಹಾಳಾದ್ದು."