ಇಂಗ್ಲಿಷ್ ಚಿತ್ರಕ್ಕೆ ಕನ್ನಡ ಹೇಳುತ್ತಿದ್ದವರು

ತೊಂಬತ್ತರ ದಶಕದ ಆರಂಭದಲ್ಲಿ ಚಿಕ್ಕೋಡಿ ಹತ್ತಿರದ ನಮ್ಮೂರು ಅಂಕಲಿಯಲ್ಲಿ ಮಾಜಿ ಸೈನಿಕರೊಬ್ಬರು ಕ್ಯಾಸೆಟ್ ಹಾಕಿ ಚಿತ್ರ ತೋರಿಸುವ ವಿಡಿಯೊ ಸೆಂಟರ್ ನಡೆಸುತ್ತಿದ್ದರು. ಇಂಗ್ಲಿಷ್ ಚಿತ್ರ ಹಾಕಿದ ದಿನ ಟಿವಿಯ ಪಕ್ಕ ನಿಂತು, ಕುಂಟುಗಾಲನ್ನು ಗೋಡೆಗೆ ಆನಿಸಿ, ಮಾತುಗಳನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದರು. ನಡುನಡುವೆ "ತಿಳೀತಲ್ರಿ?" ಎಂದು ಕೇಳುವುದು ಅವರ ರೂಢಿ.

ಒಮ್ಮೆ ಮುಂದಿನ ಶತಮಾನದ ಕತೆಯಿರುವ ಚಿತ್ರವೊಂದನ್ನು ತಂದರು. ಅದರಲ್ಲಿ ಯುದ್ಧವನ್ನು ಟಿವಿಯವರೇ ನಡೆಸುತ್ತಾರೆ. ಜನ ಮನೆಯಲ್ಲಿ ಉಣ್ಣುತ್ತ, ಯಾವ ಸೈನಿಕ ಸಾಯಬೇಕೆಂದು ಆರಿಸುತ್ತಾರೆ. ಅಂಥ ಜನರನ್ನು ಅಣಕಿಸಲೆಂದೇ ತೆಗೆದ ಚಿತ್ರ. ನಮ್ಮವರು ಮಾತ್ರ ಗುಂಡು ಹಾರಿದಾಗಲೆಲ್ಲ ಸೀಟಿ ಹೊಡೆದರು.

ಕೊನೆಗೆ ಗುಂಡು ತಗುಲಿ ಬಿದ್ದ ಸೈನಿಕನೊಬ್ಬ ಏನೋ ಬೈದ. ಅದು ಬೈಗುಳವೆಂದು ನನಗೂ ತಿಳಿಯಿತು. ಮಾಜಿ ಸೈನಿಕರು ಮಾತ್ರ ಬೇರೆಯೇ ಹೇಳಿದರು: "ನೀರು ಕೇಳಾಕತ್ತಾನ್ರಿ. ನನ್ನ ತೊಡಿ ಮ್ಯಾಲ ತಲಿ ಇಟ್ಟಾನ. ನನ್ನ ಹತ್ರ ನೀರಿಲ್ಲ."

ಸೀಟಿ ನಿಂತಿತು.

ಮರುದಿನ ಎಂದಿಗಿಂತ ಹೆಚ್ಚು ಜನ ಬಂದು ಅದೇ ಚಿತ್ರ ಬೇಕೆಂದರು. "ಮಾಮಾ, ನೀರು ಕೇಳಿದ್ದು ಮತ್ತೊಮ್ಮೆ ಹೇಳ್ರಿ. ನಿನ್ನಿ ಭಾಳ ಛಲೋ ಹೇಳಿದ್ರಿ," ಎಂದು ಮುಂದೆ ಕೂತವನೊಬ್ಬ ಒತ್ತಾಯಿಸಿದ.

ಅವರು ಎಲ್ಲರ ಮುಖವನ್ನೂ ನೋಡಿದರು. ಟಿವಿಯ ವೈರು ಕಿತ್ತು, ನಿಧಾನವಾಗಿ ಸುತ್ತಿಟ್ಟರು.

"ಅಂವ ಒಮ್ಮೆ ಸತ್ತಾನ್ರಿ. ದಿನಾ ಸಾಯಿಸೂದು ನನ್ನ ಕಡೆ ಆಗೂದಿಲ್ಲ."

ಆ ದಿನದ ನಂತರ ವಿಡಿಯೊ ಸೆಂಟರಿನ ಬಾಗಿಲು ಮತ್ತೆ ತೆರೆಯಲಿಲ್ಲ. ಅಂದು ಜನ ಗೊಣಗುತ್ತ ಎದ್ದು, ಚಿಕ್ಕೋಡಿಯಲ್ಲಿ ಯಾವ ಫೈಟಿಂಗ್ ಚಿತ್ರ ನಡೆದಿದೆಯೆಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತ ಹೊರಟರು.